ಕಪ್ಪು-ಬಿಳುಪಿನಲ್ಲಿ ಏನು ಬಿಡಿಸಿದರೂ ದುಃಖದ ಚಿತ್ರವೇ ಆಗುತ್ತಿದೆ, ಏನು ಮಾಡಲಿ?

ಬಳ್ಳಾರಿ ಬಿಸಿಲು:
ಒಂದು ವರ್ಷದಿಂದ ಕಪ್ಪು, ಬಿಳಿ ಅಕ್ರಿಲಿಕ್ ಬಿಟ್ಟು ಬೇರೆ ಬಣ್ಣ ಮುಟ್ಟಿಲ್ಲ. ಮನೆ, ಮರ, ಮುಖ ಯಾವುದೂ ಇಲ್ಲ, ಬರೀ ಗೆರೆ, ಪಟ್ಟೆ. ತೊಂದರೆ ಏನೆಂದರೆ, ನೋಡಿದವರೆಲ್ಲ ‘ಯಾರಾದರೂ ತೀರಿಕೊಂಡರಾ?’ ಅಂತ ಕೇಳುತ್ತಾರೆ. ಮೊನ್ನೆ ಮಳೆ ಬಂದ ಖುಷಿಗೆ ಒಂದು ಬಿಡಿಸಿದೆ, ಬಳ್ಳಾರಿಯಲ್ಲಿ ಮಳೆ ಅಂದರೆ ಏನು ಅಂತ ಗೊತ್ತಲ್ವಾ, ಅದನ್ನೂ ನೋಡಿ ಅಮ್ಮ ‘ಪಡಸಾಲೆಯಲ್ಲಿ ಮಾತ್ರ ಹಾಕಬೇಡ’ ಎಂದರು. ಈ ಎರಡು ಬಣ್ಣದಲ್ಲಿ ದುಃಖ, ಸಿಟ್ಟು ಬಿಟ್ಟು ಬೇರೇನೂ ಬರುವುದಿಲ್ವಾ?

ಎರೆಹೊಲ, ರಾಯಚೂರು:
ಯಾಕೆ ಬರುವುದಿಲ್ಲ? ಬಿಳಿ ಕ್ಯಾನ್ವಾಸ್ ಮೇಲೆ ಕಪ್ಪು ಹಚ್ಚಿ ಅಲ್ಲಿಗೇ ಬಿಡುತ್ತೀರಾ? ಹಾಗಾದರೆ ಬಿಳಿ ಸುಮ್ನೆ ಖಾಲಿ ಜಾಗ, ಕಪ್ಪಿನದೊಂದೇ ದನಿ. ಅಮೆರಿಕದ ಫ್ರಾಂಜ್ ಕ್ಲೈನ್ 1950ರ ಹೊತ್ತಿಗೆ ದೊಡ್ಡ ಕಪ್ಪು ಪಟ್ಟೆಗಳ ಚಿತ್ರ ಬಿಡಿಸತೊಡಗಿದ, ಗೋಡೆಗೆ ಹಚ್ಚುವ ಪೇಂಟನ್ನೂ ಬಳಸುತ್ತಿದ್ದ. ಜನ ಬಿಳಿಯ ಮೇಲೆ ಕಪ್ಪು ಬಳಿದಿದ್ದಾನೆ ಅಂದುಕೊಂಡರು. ಅವನು ಬಿಳಿಯನ್ನೂ ಕಪ್ಪಿನಷ್ಟೇ ಗಮನ ಕೊಟ್ಟು ಬಳಿಯುತ್ತಿದ್ದ, ಎಷ್ಟೋ ಕಡೆ ಬಿಳಿ ಬಂದು ಕಪ್ಪಿನ ಅಂಚನ್ನು ತಿಂದಿದೆ. ನನಗನಿಸುವುದು ಜೀವ ಇರುವುದು ಆ ಅಂಚಿನಲ್ಲೇ. ಇನ್ನು ಕಪ್ಪು ಅಂದರೆ ಸೂತಕ ಅನ್ನುವವರನ್ನು ನಮ್ಮ ಕಡೆ ಕಳಿಸಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೂದಿಯಂತಾದ ಎರೆ ಮಣ್ಣು ಒಂದು ಹದ ಮಳೆ ಬಿದ್ದ ಮರುದಿನ ಕಾಡಿಗೆಯ ಹಾಗೆ ಮಿನುಗುತ್ತದೆ, ಅದನ್ನು ನೋಡಿ ಅಳುವ ರೈತ ಯಾರೂ ಇಲ್ಲ.

ಕಿನ್ನಾಳ ಕಡೆಯವಳು:
ನಮ್ಮೂರ ಗೊಂಬೆಗೆ ಕೆಂಪು, ಹಸಿರು, ಹಳದಿ ಬೇಕೇ ಬೇಕು, ಹಾಗಾಗಿ ನನಗೆ ಈ ಕಪ್ಪು-ಬಿಳುಪಿನ ಹುಚ್ಚು ಹತ್ತಿದ್ದು ತಡವಾಗಿ. ಯಾವ ಕಪ್ಪು ಬಳಸುತ್ತೀರಿ? ಐವರಿ ಬ್ಲ್ಯಾಕ್ ಮೂಳೆ ಸುಟ್ಟು ಮಾಡಿದ್ದು, ಸ್ವಲ್ಪ ಕಂದು ಕಡೆ. ಲ್ಯಾಂಪ್ ಬ್ಲ್ಯಾಕ್ ಅಂದರೆ ಮಸಿ, ಬಿಳಿ ಬೆರೆಸಿದರೆ ನೀಲಿ ಕಡೆ ವಾಲುತ್ತದೆ. ಇನ್ನೊಂದು, ನಮ್ಮ ಬಿಸಿಲಿಗೆ ಅಕ್ರಿಲಿಕ್ ಕುಂಚದಲ್ಲೇ ಒಣಗುತ್ತದೆ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬೀಳುವುದೇ ಇಲ್ಲ, ಬೂದು ಹುಟ್ಟುವುದಿಲ್ಲ, ಪ್ರತಿ ಅಂಚೂ ಚಾಕು ಹಾಕಿದ ಹಾಗೆ ನಿಲ್ಲುತ್ತದೆ. ನಿಮ್ಮಮ್ಮ ಹೆದರಿದ್ದು ಅದಕ್ಕೇ ಇರಬೇಕು! ಬೆಳಗಿನ ಜಾವ ಕೂತು, ನೀರು ಚಿಮುಕಿಸುತ್ತಾ ಬಿಡಿಸಿ ನೋಡಿ.

ಸುಮ್ನೆ ನೋಡುವವ:
ಅಂಚು, ಬೂದು ಎಲ್ಲಾ ಸರಿ, ಆದರೆ ಅರ್ಧ ಕೆಲಸ ಹೆಸರಿನದು. ಅಮೆರಿಕದ ಇನ್ನೊಬ್ಬ ಚಿತ್ರಕಾರ ರಾಬರ್ಟ್ ಮದರ್‌ವೆಲ್ ಬಿಳಿಯ ಮೇಲೆ ಕಪ್ಪು ಮೊಟ್ಟೆಯಾಕಾರ, ಕಂಬ ಇಟ್ಟು 100ಕ್ಕೂ ಹೆಚ್ಚು ಚಿತ್ರ ಬಿಡಿಸಿದ, 1930ರ ದಶಕದ ಅಂತರ್ಯುದ್ಧದಲ್ಲಿ ಸ್ಪೇನಿನ ಗಣರಾಜ್ಯ ಸೋತಿದ್ದಕ್ಕೆ ಶೋಕಗೀತೆ ಅಂತ ಹೆಸರಿಟ್ಟ. ಹೆಸರು ಓದದಿದ್ದರೆ ನನಗಂತೂ ಸ್ಪೇನ್ ಕಾಣುತ್ತಿರಲಿಲ್ಲ. ಅಮ್ಮನಿಗೆ ‘ಇದು ಮಳೆ’ ಅಂತ ಹೇಳಿ ತೋರಿಸಿದ್ದಿರಾ?

ಎರೆಹೊಲ, ರಾಯಚೂರು:
ಸ್ಪೇನ್ ಕಾಣುವುದು ಬೇಡ ಮಾರಾಯರೇ, ಭಾರ ತಿಳಿಯುತ್ತದಲ್ವಾ? ಅಷ್ಟು ಸಾಕು.

ಬಳ್ಳಾರಿ ಬಿಸಿಲು:
ಇವತ್ತು ಐದು ಗಂಟೆಗೇ ಎದ್ದು ಮಾಳಿಗೆ ಮೇಲೆ ಕೂತೆ. ಕಪ್ಪು ಆರುವ ಮೊದಲೇ ಬಿಳಿ ಎಳೆದೆ, ಮೊದಲ ಸಲ ಕೈ ಹಗುರಾಗಿ ಓಡಿತು. ಆಮೇಲೆ ಗಾಳಿ ಎದ್ದು ಕೆಂಪು ಧೂಳೆಲ್ಲ ಹಸಿ ಬಿಳಿಗೆ ಮೆತ್ತಿಕೊಂಡಿತು, ಹಾಗಾಗಿ ಲೆಕ್ಕಕ್ಕೆ ಮೂರು ಬಣ್ಣ. ಹೆಸರು ಹೇಳದೆ ಅಮ್ಮನಿಗೆ ತೋರಿಸಿದೆ. ‘ಎಮ್ಮೆನಾ ಇದು? ಕೆರೆಯಿಂದ ಎದ್ದು ಬರ್ತಿದೆಯಾ?’ ಎಂದರು. ಯಾರೂ ಸತ್ತಿಲ್ಲ, ಸದ್ಯ.