ಅಪ್‌ಡೇಟ್: ಚಿಂಚೋಳಿ ಕಾಡಿಗೆ ಹೋಗಿ ಬಂದೆವು

ಚಿಂಚೋಳಿ ಕಾಡಿನಲ್ಲಿ ನಾವು ನಾಲ್ವರು ಗೆಳೆಯರು ಎರಡು ದಿನ ನಡೆಯಬೇಕೆಂದಿದ್ದೇವೆ, ನೀರು ಎಷ್ಟು ಹೊರಬೇಕು, ರಾತ್ರಿ ಎಲ್ಲಿ ತಂಗಬೇಕು ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಇದು 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡಬೇಡಿ ಎಂದು ಒಬ್ಬರು ಗದರಿಸಿಯೇ ಬರೆದಿದ್ದರು. ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಡೇರೆಯ ಆಸೆ ಬಿಟ್ಟು, ಅನುಮತಿ ಪಡೆದು, ಚಂದ್ರಂಪಳ್ಳಿ ಜಲಾಶಯದ ಬಳಿ ತಂಗಿದೆವು.

ತಲೆಗೆ ಮೂರು ಲೀಟರ್ ನೀರು ಒಯ್ದಿದ್ದೆವು. ಮಧ್ಯಾಹ್ನ ಎರಡಕ್ಕೇ ಮುಗಿಯಿತು. ನವೆಂಬರ್ ಆದರೇನು, ನಮ್ಮ ಕಲಬುರಗಿಯ ಬಿಸಿಲು ಬಿಸಿಲೇ! ನಾಲ್ಕು ಲೀಟರ್‌ಗಿಂತ ಕಡಿಮೆ ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾತ್ರ ಎರಡನೆಯ ದಿನದವರೆಗೂ ಕೆಡಲಿಲ್ಲ.

ಮುಂಜಾವಿನಲ್ಲಿ ನೀರಿನ ಮೇಲೆ ಮಂಜು ತೇಲುತ್ತಿತ್ತು. ಆಚೆ ದಡದಲ್ಲಿ ನವಿಲೊಂದು ಕೂಗಿತು. ನಾಲ್ವರಲ್ಲಿ ಯಾರೂ ಬಹಳ ಹೊತ್ತು ಮಾತಾಡಲಿಲ್ಲ. ಬಿಸಿಲುನಾಡು ಎಂದು ಮೂಗು ಮುರಿಯುವವರನ್ನೆಲ್ಲ ಆ ದಡಕ್ಕೆ ಕರೆತರಬೇಕು ಎನ್ನಿಸಿತು.

ಎತ್ತಿಪೋತ ಜಲಪಾತ ಈ ಸಲ ಆಗಲಿಲ್ಲ. ಗೆಳೆಯನೊಬ್ಬನ ಹಿಮ್ಮಡಿ ಬೊಬ್ಬೆಯೆದ್ದಿತ್ತು. ಮಳೆಗಾಲ ಮುಗಿಯುತ್ತಲೇ ಅಲ್ಲಿಗೆ ಹೋಗುತ್ತೇವೆ.