ಜರ್ಮನಿಯಲ್ಲಿ ಬ್ಯಾಂಕ್ ಅಕೌಂಟ್: ಮೊದಲು ಟಪಾಲು ಪೆಟ್ಟಿಗೆ ಮೇಲೆ ಹೆಸರಿರಲಿ

ಪ್ರಶ್ನೆ: ಮಗಳು ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಆಖನ್‌ಗೆ ಹೋಗುತ್ತಿದ್ದಾಳೆ. ವೀಸಾಗೆ ಅಂತ ಖರ್ಚಿನ ದುಡ್ಡು ಮೊದಲೇ ಇಡುವ ಬ್ಲಾಕ್ಡ್ ಅಕೌಂಟ್‌ಗೆ 11,904 ಯೂರೋ ಕಟ್ಟಿದ್ದೇವೆ. ಅಲ್ಲಿ ಹೋದಮೇಲೆ ಇನ್ನೊಂದು ಅಕೌಂಟ್ ಬೇಕು ಅನ್ನುತ್ತಾರೆ, ಹೌದಾ? ಹೋಗಿರುವವರು ದಯವಿಟ್ಟು ಹೇಳಿ.

ಬರ್ಲಿನ್‌ನಿಂದ: ಬೇಕೇ ಬೇಕು ಸರ್. ಆ ದುಡ್ಡು ಒಟ್ಟಿಗೆ ಸಿಗುವುದಿಲ್ಲ, ತಿಂಗಳಿಗೆ 992 ಯೂರೋದಂತೆ ಬರುತ್ತದೆ. ಅದು ಬಂದು ಬೀಳಲು ಮಾಮೂಲಿ ಅಕೌಂಟ್ ಇರಬೇಕು. ಅದಕ್ಕೂ ಮೊದಲು ಮನೆ. ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅನ್ಮೆಲ್ಡುಂಗ್ ಅಂತಾರೆ. ಮನೆ ಮಾಲೀಕರು ಸಹಿ ಹಾಕಿದ ಕಾಗದ ಇಲ್ಲದಿದ್ದರೆ ಅದು ಆಗುವುದಿಲ್ಲ. ಬಾಡಿಗೆ ಮಾತಾಡುವಾಗಲೇ ಕೇಳಿಕೊಳ್ಳಲಿ.

ನನಗೆ ತೊಂದರೆಯಾಗಿದ್ದು ಆಮೇಲೆ. ಅಕೌಂಟ್ ಆಯಿತು, ಮೂರು ವಾರವಾದರೂ ಕಾರ್ಡ್ ಬರಲಿಲ್ಲ. ಅಲ್ಲಿ ಅಂಚೆಯವರು ಪೆಟ್ಟಿಗೆ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ನಾವು ನಾಲ್ಕು ಜನ ಇದ್ದ ಮನೆ, ಪೆಟ್ಟಿಗೆ ಮೇಲೆ ಮೂರೇ ಹೆಸರು. ಕಾರ್ಡ್ ವಾಪಸ್ ಹೋಗಿತ್ತು. ಪಿನ್ ಬೇರೆ ಲಕೋಟೆಯಲ್ಲಿ ಬರುತ್ತದೆ, ಅದೂ ವಾಪಸ್. ನೋಟ್‌ಬುಕ್ ಹಾಳೆ ಹರಿದು, ದಪ್ಪಕ್ಷರದಲ್ಲಿ ಹೆಸರು ಬರೆದು ಟೇಪ್ ಅಂಟಿಸಿದೆ. ಎರಡನೇ ಸಲ ಎರಡೂ ಬಂದವು. ಅಷ್ಟು ದಿನ ಗೆಳೆಯನ ಹತ್ತಿರ ಸಾಲ ಮಾಡಿ ಊಟ ಮಾಡಿದ್ದೇನೆ ಸರ್. ಮಗಳು ಬ್ಯಾಗ್ ಇಳಿಸಿದ ದಿನವೇ ಹೆಸರು ಅಂಟಿಸಲಿ.

ಸ್ಟುಟ್‌ಗಾರ್ಟ್‌ನಿಂದ: ಹೆಸರು ಅಂದಿರಲ್ಲ, ಪಾಸ್‌ಪೋರ್ಟ್ ಕೂಡ ಒಮ್ಮೆ ತೆಗೆದು ನೋಡಿ. ನಮ್ಮ ಕಡೆ ಎಷ್ಟೋ ಜನರಿಗೆ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಬರೀ ಇನಿಷಿಯಲ್ ತಾನೇ. ನನ್ನದೂ ಹಾಗೇ. ಬ್ಯಾಂಕಿನ ಆನ್‌ಲೈನ್ ಫಾರ್ಮ್ ಅಲ್ಲೇ ನಿಂತುಬಿಟ್ಟಿತು. ಬ್ರಾಂಚ್‌ಗೆ ಅಪಾಯಿಂಟ್‌ಮೆಂಟ್ ತಗೊಂಡು ಹೋದೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಅನ್ಮೆಲ್ಡುಂಗ್ ಕಾಗದದಲ್ಲಿ ಹೆಸರು ಹೇಗಿದೆಯೋ ಹಾಗೇ ಬ್ಯಾಂಕಿನಲ್ಲೂ, ಪೆಟ್ಟಿಗೆ ಮೇಲೂ ಬರೆಸಿ. 11 ಅಂಕಿಯ ಟ್ಯಾಕ್ಸ್ ನಂಬರ್ ಕೂಡ ಟಪಾಲಿನಲ್ಲೇ ಬರುತ್ತದೆ, ಬ್ಯಾಂಕಿನವರು ಅದನ್ನು ಕೇಳುತ್ತಾರೆ.

ಡ್ರೆಸ್ಡೆನ್‌ನಿಂದ: ಯಾವ ಬ್ಯಾಂಕಾದರೂ ಸುಮ್ನೆ ಆಗಲ್ಲ ಅಂದರೆ ‘ಬಾಸಿಸ್‌ಕೊಂಟೊ’, ಅಂದರೆ ಮೂಲ ಸೌಲಭ್ಯದ ಅಕೌಂಟ್ ಕೊಡಿ ಅಂತ ಕೇಳಲಿ. 2016ರಿಂದ ಅದು ಕಾನೂನಿನ ಹಕ್ಕು, ವಿದ್ಯಾರ್ಥಿಗಳಿಗೂ ಇದೆ. ಅರ್ಜಿ ಕೊಟ್ಟ 10 ಕೆಲಸದ ದಿನದೊಳಗೆ ಉತ್ತರ ಕೊಡಬೇಕು. ಇಲ್ಲ ಅಂದರೆ ಕಾರಣ ಬರೆದು ಕೊಡಬೇಕು. ಮತ್ತೆ ಸರ್, ಮೊದಲ ತಿಂಗಳ ಖರ್ಚಿಗೆ ಫಾರೆಕ್ಸ್ ಕಾರ್ಡ್‌ನಲ್ಲಿ (ಇಲ್ಲಿಂದಲೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಕಾರ್ಡ್) ಸ್ವಲ್ಪ ಜಾಸ್ತಿಯೇ ಹಾಕಿ ಕಳಿಸಿ. ಮನೆ ಡೆಪಾಸಿಟ್ ಮೂರು ತಿಂಗಳ ಬಾಡಿಗೆಯವರೆಗೂ ಕೇಳಬಹುದು.