ಕೊಲೆಗಾರ ಯಾರು ಅಂತ ಮೊದಲೇ ಗೊತ್ತಿದ್ದರೂ ಇಷ್ಟು ಭಯ ಯಾಕೆ? (‘ಶ್ಯಾಡೋ ಆಫ್ ಎ ಡೌಟ್’)

ಮಲ್ಲಿಗೆ_ಮೊಗ್ಗು:
ನಿರ್ದೇಶಕ ಹಿಚ್‌ಕಾಕ್ ಮಾಡಿದ, 1943ರಲ್ಲಿ ಬಂದ ಈ ಸಿನಿಮಾ ಈಗಷ್ಟೇ ನೋಡಿ ಮುಗಿಸಿದೆ. ಚಾರ್ಲಿ ಮಾವ ಸರಿಯಿಲ್ಲ ಅಂತ ಶುರುವಿನಲ್ಲೇ ಗೊತ್ತಾಗುತ್ತದೆ. ಪತ್ತೇದಾರರ ಕಣ್ತಪ್ಪಿಸಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾಗೆ, ಅಕ್ಕನ ಮನೆಗೆ ಬರುತ್ತಾನೆ. ಕೊಲೆಯನ್ನು ಎಲ್ಲೂ ತೋರಿಸುವುದಿಲ್ಲ, ರಕ್ತವೂ ಇಲ್ಲ. ಆದರೂ ಎದೆ ಢವಢವ ಅಂತಿತ್ತು. ನಿಮಗೂ ಹಾಗೇ ಆಯಿತಾ?

ಹಳೇ_ರೀಲು:
ಆಗದೆ ಇರುತ್ತಾ! ನಮಗೆ ಗೊತ್ತು, ಆದರೆ ಸೊಸೆಗೆ, ಅಂದರೆ ಆ ಅಕ್ಕನ ಮಗಳಿಗೆ, ಗೊತ್ತಿಲ್ಲ. ಮಾವನ ಹೆಸರನ್ನೇ ಅವಳಿಗೂ ಇಟ್ಟಿದ್ದಾರೆ, ಮಾವ ಅಂದರೆ ಅವಳಿಗೆ ಪ್ರಾಣ. ಅವನು ಕೊಟ್ಟ ಉಂಗುರದ ಒಳಗೆ ಬೇರೆ ಯಾರದೋ ಹೆಸರಿನ ಅಕ್ಷರಗಳಿರುತ್ತವೆ. ಬಾಗಿಲು ಹಾಕುವ ಹೊತ್ತಿಗೆ ಲೈಬ್ರರಿಗೆ ಓಡಿ, ಲೈಬ್ರರಿಯವರನ್ನು ಕಾಡಿ ಬೇಡಿ ಒಳಗೆ ಹೋಗಿ ಪೇಪರ್ ತೆಗೆಯುತ್ತಾಳೆ. ಕೊಲೆಯಾದ ವಿಧವೆಯ ಸುದ್ದಿಯಲ್ಲಿ ಅದೇ ಅಕ್ಷರಗಳು! ಆಗ ಕ್ಯಾಮೆರಾ ಮೇಲೆ ಮೇಲೆ ಹೋಗುತ್ತದೆ. ಆ ದೊಡ್ಡ ಕೋಣೆಯಲ್ಲಿ ಹುಡುಗಿ ಒಂದಿಷ್ಟೇ ಕಾಣುತ್ತಾಳೆ, ಅವಳ ನೆರಳು ಮಾತ್ರ ಉದ್ದಕ್ಕೆ. ಆ ಹುಡುಗಿಯಾಗಿ ನಟಿಸಿದ ತೆರೇಸಾ ರೈಟ್ ಅಲ್ಲಿ ಒಂದು ಮಾತೂ ಆಡುವುದಿಲ್ಲ. ಆ ಜಾಗ ಬಂದಾಗೆಲ್ಲ ನನಗೆ ಅಳು ಬರುತ್ತದೆ.

ಟೂರಿಂಗ್_ಟಾಕೀಸ್:
ನನಗೆ ಊಟದ ಮೇಜಿನ ದೃಶ್ಯ. ಶ್ರೀಮಂತ ವಿಧವೆಯರ ಬಗ್ಗೆ ಮಾವ ಮೆಲ್ಲಗೆ ವಿಷ ಕಾರುತ್ತಾನೆ. ಕ್ಯಾಮೆರಾ ಮಾವನ ಪಾತ್ರ ಮಾಡಿದ ಜೋಸೆಫ್ ಕಾಟನ್ ಮುಖದ ಹತ್ತಿರ ಹತ್ತಿರ ಬರುತ್ತದೆ. ಅವರೂ ಮನುಷ್ಯರೇ ಅಲ್ವಾ ಅಂತ ಸೊಸೆ ತಡೆದಾಗ ಥಟ್ಟನೆ ತಿರುಗಿ ನೇರ ನಮ್ಮನ್ನೇ ನೋಡುತ್ತಾನೆ. ದನಿ ಏರಿಸದೆ ಹಾಗೆ ಹೆದರಿಸುವ ನಟ ಸಿಗುವುದು ಕಷ್ಟ.

ಇನ್ನೊಂದು, ಅದು ಸ್ಟುಡಿಯೋದಲ್ಲಿ ಕಟ್ಟಿದ ಊರಲ್ಲ. ಬಹಳಷ್ಟು ಶೂಟಿಂಗ್ ಸಾಂಟಾ ರೋಸಾದಲ್ಲೇ ಆಯಿತು. ಸಿನಿಮಾದವರು ಬರುತ್ತಾರೆ ಅಂತ ಖುಷಿಯಲ್ಲಿ, ಶೂಟಿಂಗ್‌ಗೆ ಆರಿಸಿದ ಮನೆಯವರು ಹೊಸದಾಗಿ ಬಣ್ಣ ಬಳಿಸಿದ್ದರಂತೆ. ಅದನ್ನು ಮತ್ತೆ ಹಳೆಯದರ ಹಾಗೆ ಮಾಡಬೇಕಾಯಿತು ಅಂತ ಹಿಚ್‌ಕಾಕ್ ಹೇಳಿದ್ದಾನೆ.

ಮಲ್ಲಿಗೆ_ಮೊಗ್ಗು:
ಲೈಬ್ರರಿ ದೃಶ್ಯ ಸರಿ. ಆದರೆ ನಿಜ ಗೊತ್ತಾದ ಮೇಲೂ ಹುಡುಗಿ ಬಾಯಿ ಬಿಡುವುದಿಲ್ಲವಲ್ಲ, ಸಂಕಟ ಜಾಸ್ತಿಯಾಗಿದ್ದು ಅಲ್ಲೇ.

ಹಳೇ_ರೀಲು:
ಅಮ್ಮನಿಗೋಸ್ಕರ. ತಮ್ಮ ಹೀಗೆ ಅಂತ ಗೊತ್ತಾದರೆ ಅಮ್ಮ ಉಳಿಯುವುದಿಲ್ಲ ಅಂತ ಅವಳ ಭಯ. ಪೊಲೀಸರು ಬೇರೆ ಒಬ್ಬನೇ ಕೊಲೆಗಾರ ಅಂದುಕೊಂಡು ಸುಮ್ಮನಾಗುತ್ತಾರೆ. ಮಾವ ಮಾತ್ರ ಈಗ ಅವಳನ್ನೇ ಮುಗಿಸಲು ನೋಡುತ್ತಾನೆ. ಹಿತ್ತಿಲ ಕಡೆಯ ಮೆಟ್ಟಿಲು ಮುರಿಯುತ್ತದೆ, ಗ್ಯಾರೇಜಿನಲ್ಲಿ ಹೊಗೆ ತುಂಬುತ್ತದೆ. ಮನೆಯವರೆಲ್ಲ ಪಕ್ಕದಲ್ಲೇ ಇದ್ದರೂ ಅವಳು ಒಬ್ಬಳೇ.

ಪಾರ್ಟಿಯ ರಾತ್ರಿ ಮತ್ತೊಮ್ಮೆ ನೋಡಿ. ಕೈಯನ್ನು ಮೆಟ್ಟಿಲ ಕಟಕಟೆ ಮೇಲಿಟ್ಟು ನಿಧಾನಕ್ಕೆ ಇಳಿದು ಬರುತ್ತಾಳೆ. ಬೆರಳಲ್ಲಿ ಅದೇ ಉಂಗುರ, ಅವನ ಕೊಲೆಗೆ ಸಾಕ್ಷಿ. ಕ್ಯಾಮೆರಾ ಅದರ ಹತ್ತಿರ ಹೋಗುತ್ತದೆ. ಗ್ಲಾಸು ಹಿಡಿದಿದ್ದ ಮಾವ ಅದನ್ನು ನೋಡಿದವನೇ, ನಾಳೆ ಊರು ಬಿಡುತ್ತೇನೆ ಅನ್ನುತ್ತಾನೆ. ಅಮ್ಮ ಎಲ್ಲರೆದುರು ಕಣ್ಣೀರು ಹಾಕುತ್ತಾಳೆ. ತಮ್ಮ ಯಾಕೆ ಹೊರಟ ಅಂತ ಅವಳಿಗೆ ಯಾರೂ ಹೇಳುವ ಹಾಗಿಲ್ಲ.